ಅಂಗೈಯಗಲದ ಚಿತ್ರ, ಅದರ ಬೆಲೆ

(ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



1956ರ ನವೆಂಬರ್ 1ರಂದು, ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಅದೇ ದಿನ ನಾವು ನೆಲಸಿರುವ ಈ ನಾಗಪುರವು ಮಧ್ಯಪ್ರದೇಶದ ರಾಜಧಾನಿಯೆಂಬ ಪಟ್ಟವನ್ನು ಕಳೆದುಕೊಂಡು, ವಿದರ್ಭದೊಡನೆ ಮುಂಬಯಿ ರಾಜ್ಯಕ್ಕೆ ಸೇರಿತು. ಇಂಥ ದೊಡ್ಡ ಸಂಗತಿಗಳನ್ನು ಕುರಿತು ಮಾತನಾಡಲು ಈ ವೇದಿಕೆಯ ಮೇಲೆ ದೊಡ್ಡವರೇ ಇದ್ದಾರೆ. ಕಾರ್ಯದರ್ಶಿಗಳು ನಮಗೆ ಒಪ್ಪಿಸಿರುವ ವಿಷಯ ಬಹಳ ಚಿಕ್ಕದು. ಅಳತೆ ಹೇಳಬೇಕೆಂದರೆ ಆರು ಅಂಗುಲ ಅಗಲ, ಎಂಟು ಅಂಗುಲ ಉದ್ದ. ಮನೆಯಲ್ಲಿ ಕುಳಿತು ಚಿಕ್ಕ ತೈಲಚಿತ್ರಗಳನ್ನು ಬರೆದು ಮಾರುವುದರಲ್ಲಿ ನಾವು ಕಂಡುದೇನು, ಕಲಿತುದೇನು ಎಂಬುದೇ ಈ ಹೊತ್ತಿನ ಮಾತು.

‘ನಾವು’ ಎಂದರೆ ಇಬ್ಬರು. ಕುಂಚ ಹಿಡಿಯುವ ಕೈ ಮನೆಯಾಕೆಯದು. ಲೆಕ್ಕ ಬರೆಯುವ ಕೈ ತಮ್ಮೆದುರು ನಿಂತಿರುವವನದು. ಬ್ಯಾಂಕಿನ ಗುಮಾಸ್ತನಾದವನು ಬೇರೆ ವ್ಯಾಪಾರ ಮಾಡಕೂಡದೆಂಬ ನಿಯಮವುಂಟು. ಆದುದರಿಂದ ವ್ಯಾಪಾರ ಆಕೆಯದು, ಹಣ ಆಕೆಯ ಖಾತೆಗೆ. ಬಿ.ಕಾಂ. ಓದಿದ ತಪ್ಪಿಗೆ ಜಮಾಖರ್ಚಿನ ಪುಸ್ತಕ ಮಾತ್ರ ಈ ಕೈಗೆ ಬಂದಿದೆ.

ತೈಲಚಿತ್ರವೆಂದೊಡನೆ ಮೈಸೂರಿನ ಜಗನ್ಮೋಹನ ಅರಮನೆ, ಅಲ್ಲಿರುವ ರವಿವರ್ಮನ ಚಿತ್ರಗಳು ಕಣ್ಣಿಗೆ ಕಟ್ಟುತ್ತವೆ. ಅದು ಅರಸರ ಮನೆಯ ವಸ್ತು, ನಮ್ಮಂಥವರದಲ್ಲ ಎಂದು ದೂರ ನಿಲ್ಲುತ್ತೇವೆ. ಆದರೆ ಅದರ ಮೂಲವಿರುವುದು ನಮ್ಮ ಅಡಿಗೆಮನೆಯಲ್ಲೇ. ಧಾರವಾಡ, ಗದಗ, ವಿಜಯಪುರದ ಕಡೆಯವರು ಜೋಳದ ರೊಟ್ಟಿಗೆ ಅಗಸಿ ಚಟ್ನಿ ಹಚ್ಚಿಕೊಳ್ಳುತ್ತೀರಲ್ಲವೇ? ಅದೇ ಅಗಸೆಯ ಎಣ್ಣೆಯಲ್ಲಿ ಬಣ್ಣದ ಪುಡಿಯನ್ನು ಅರೆದರೆ ತೈಲವರ್ಣ. ಅದೇ ಗಿಡದ ನಾರಿನಿಂದ ನೇಯ್ದ ಬಟ್ಟೆಯೇ ಚಿತ್ರಕಾರರ ಲಿನನ್. ಇಲ್ಲಿಯ ಜನ ಅಗಸೆಯನ್ನು ಜವಸವೆನ್ನುತ್ತಾರೆ; ವಿದರ್ಭದ ಹೊಲಗಳಲ್ಲಿ ಅದು ಹಳೆಯ ಬೆಳೆ. ನಾಗಪುರದ ಕೃಷಿ ಕಾಲೇಜಿನಲ್ಲಿ ಅದರ ಸಂಶೋಧನೆ ನಡೆದು ಎನ್.ಎಲ್. 97, ಎನ್.ಎಲ್. 260 ಮುಂತಾದ ತಳಿಗಳು ಹೊರಬಂದಿವೆ. ಊರು ಬಿಟ್ಟು ಬಂದ ನಮಗೆ ಈ ಊರಿನೊಡನೆ ಮೊದಲ ನಂಟು ಬೆಳೆದದ್ದು ಹೀಗೆ, ಒಂದು ಎಣ್ಣೆಕಾಳಿನಿಂದ.

ಎಲ್ಲ ಎಣ್ಣೆಯೂ ಈ ಕೆಲಸಕ್ಕೆ ಬಾರದು. ಶೇಂಗಾ ಎಣ್ಣೆಯಲ್ಲಿ ಬಣ್ಣ ಕಲಸಿದರೆ ಅದು ಎಂದಿಗೂ ಒಣಗದು. ಅಗಸೆ ಎಣ್ಣೆ ನೀರಿನಂತೆ ಆರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಹೀರಿ ತಾನೇ ಗಟ್ಟಿಯಾದ ಪೊರೆಯಾಗುತ್ತದೆ. ಅದು ಕಾಲಕ್ರಮದಲ್ಲಿ ಹಳದಿಗೆ ತಿರುಗುವುದರಿಂದ, ಬಿಳಿಯ ಬಣ್ಣವನ್ನು ಎಷ್ಟೋ ಸಲ ಕುಸುಬೆ ಎಣ್ಣೆಯಲ್ಲಿ ಅರೆಯುತ್ತಾರೆ. ಕುಸುಬೆಯೂ ನಮ್ಮ ಅಡಿಗೆಮನೆಯದೇ. ಹಾಗೆಂದು ಒಗ್ಗರಣೆಯ ಸೀಸೆಗೆ ಕುಂಚ ಅದ್ದಬೇಡಿ. ಬಣ್ಣದ ಅಂಗಡಿಯ ಎಣ್ಣೆಯಿಂದ ಒಗ್ಗರಣೆಯನ್ನಂತೂ ಹಾಕಲೇಬೇಡಿ. ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ್ಯಾಂಡ್ ತವರದ ಹಿಂಡುಕೊಳವೆಗೆ ಪೇಟೆಂಟು ಪಡೆದ ಮೇಲೆ, ತೈಲವರ್ಣ ಎಲ್ಲೆಂದರಲ್ಲಿಗೆ ಒಯ್ಯಬಹುದಾದ ವಸ್ತುವಾಯಿತು.

ಇನ್ನು ಬರೆಯುವ ಬಗೆ. ಬಿಳಿಯ ಪ್ರೈಮರು ಹಚ್ಚಿದ ಕ್ಯಾನ್ವಾಸ್ ಬೋರ್ಡನ್ನೇ ಕೊಳ್ಳಬೇಕು. ಬರಿಯ ಬಟ್ಟೆಯ ಮೇಲೆ ಬರೆದರೆ ಎಣ್ಣೆಯು ನೂಲನ್ನು ಕೆಲವು ವರ್ಷಗಳಲ್ಲಿ ತಿಂದುಹಾಕುತ್ತದೆ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ಇದು ತಪ್ಪಿದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡುತ್ತದೆ. ಕಿಟಕಿಯನ್ನು ತೆರೆದಿಡಬೇಕು, ಟರ್ಪೆಂಟೈನಿನ ಆವಿ ನಮಗೂ ಒಳ್ಳೆಯದಲ್ಲ, ಮನೆಯ ಬೆಕ್ಕಿಗೂ ಅಲ್ಲ. ತಾಯಂದಿರಿಗೆ ವಿಶೇಷವಾಗಿ ಒಂದು ಮಾತು: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಹುಟ್ಟುವ ಕಾವು ಒಳಗೇ ಕೂಡಿಕೊಂಡು, ಬೆಂಕಿಕಡ್ಡಿಯ ಹಂಗಿಲ್ಲದೆ ಅದು ತಾನಾಗಿ ಹೊತ್ತಿಕೊಳ್ಳಬಹುದು. ನಾಗಪುರದ ಮೇ ತಿಂಗಳಿನ ಬಿಸಿಲನ್ನು ತಾವು ಬಲ್ಲಿರಿ. ನಾವು ಅಂಥ ಬಟ್ಟೆಯನ್ನು ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡುತ್ತೇವೆ.

ಏನು ಬರೆಯಬೇಕು? ಮೊದಲು ನಾವೂ ದೇವರು, ಬೆಟ್ಟ, ಜಲಪಾತವೆಂದು ಹೊರಟೆವು, ಒಂದೂ ನಮ್ಮದೆನಿಸಲಿಲ್ಲ. ಒಂದು ದಿನ ಸೀತಾಬರ್ಡಿಯಿಂದ ತಂದ ಎರಡು ಕಿತ್ತಳೆಯನ್ನು ಮೇಜಿನ ಮೇಲಿಟ್ಟು ಬರೆದಾಗ ಕೈಗೆ ದಾರಿ ಸಿಕ್ಕಿತು. ಆಮೇಲೆ ಹಾಲಿನ ಪಾತ್ರೆ, ರೊಟ್ಟಿಯ ಹಂಚು, ಅಜ್ಜಿಯ ಹಿತ್ತಾಳೆ ತಂಬಿಗೆ, ಚಿಲ್ಲರೆ ಹಾಕುವ ಡಬ್ಬಿ, ಬಾಗಿಲ ಬಳಿಯ ಚಪ್ಪಲಿ. ಇದರಲ್ಲಿ ಹೊಸತೇನೂ ಇಲ್ಲ. ಅಮೆರಿಕದ ವರ್ಜೀನಿಯದಲ್ಲಿ ಡ್ವೇನ್ ಕೈಸರ್ ಎಂಬ ಚಿತ್ರಕಾರ 2004ರ ಡಿಸೆಂಬರಿನಲ್ಲಿ ದಿನಕ್ಕೊಂದರಂತೆ ಅಂಚೆಕಾರ್ಡಿನಷ್ಟು ಚಿತ್ರ ಬರೆದು ಇಂಟರ್ನೆಟ್ಟಿನ ಹರಾಜಿನಲ್ಲಿ ಮಾರಲು ತೊಡಗಿದ. ಅವನನ್ನು ನೋಡಿ ಎಷ್ಟೋ ದೇಶಗಳ ಜನ ಹಾಗೆ ಮಾಡಿದರು. ನಮ್ಮವರನ್ನೇ ನೋಡಿ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲಸಿದ ಕೆ.ಕೆ. ಹೆಬ್ಬಾರರು ಹಳ್ಳಿಯ ದುಡಿಮೆಯನ್ನೂ ಹಬ್ಬವನ್ನೂ ಕುಣಿತವನ್ನೂ ಬರೆದೇ ದೊಡ್ಡವರಾದರು. ಊರು ಬಿಟ್ಟವನಿಗೆ ಊರಿನ ಸಾಮಾನ್ಯ ವಸ್ತುವೇ ಅಸಾಮಾನ್ಯವಾಗಿ ಕಾಣುತ್ತದೆಯೆಂದು ತೋರುತ್ತದೆ.

ಸಾಕುಪ್ರಾಣಿಯ ಚಿತ್ರವೂ ಹಗುರದ ಕೆಲಸವಲ್ಲ. ಹಾಲೆಂಡಿನ ಹೇಗ್ ನಗರದ ಮೌರಿಟ್ಸ್‌ಹೌಸ್ ವಸ್ತುಶಾಲೆಯಲ್ಲಿ ಕಾರೆಲ್ ಫಾಬ್ರಿಷಿಯಸ್ 1654ರಲ್ಲಿ ಬರೆದ ಒಂದು ತೈಲಚಿತ್ರವಿದೆ. 33.5 ಸೆಂಟಿಮೀಟರು ಎತ್ತರ, 22.8 ಅಗಲ, ಅಷ್ಟೇ. ಗೋಡೆಗೆ ಹೊಡೆದ ಕಾಳಿನ ಪೆಟ್ಟಿಗೆಯ ಮೇಲೆ ತೆಳುವಾದ ಸರಪಳಿ ಬಿಗಿದ ಒಂದು ಪುಟ್ಟ ಗೋಲ್ಡ್‌ಫಿಂಚ್ ಹಕ್ಕಿ. ಮನೆಯಲ್ಲಿ ಸಾಕುತ್ತಿದ್ದ ಹಕ್ಕಿ. ಅದೇ ವರ್ಷದ ಅಕ್ಟೋಬರ್ 12ರಂದು ಡೆಲ್ಫ್ಟ್ ನಗರದ ಮದ್ದಿನ ಮನೆ ಸಿಡಿದು ಚಿತ್ರಕಾರ ತನ್ನ 32ನೆಯ ವಯಸ್ಸಿನಲ್ಲಿ ತೀರಿಕೊಂಡ. ಹಕ್ಕಿ ಇನ್ನೂ ಕುಳಿತಿದೆ. ಹಕ್ಕಿಯ ಮಾತು ಬಂದುದರಿಂದ ಹೇಳುತ್ತೇವೆ: ನಮ್ಮ ದೇಶದ ಗಿಳಿಯನ್ನು ಪಂಜರದಲ್ಲಿ ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿಷೇಧವಿದೆ. ಚಿತ್ರದಲ್ಲಿ ಬರೆಯಲು ಯಾವ ನಿಷೇಧವೂ ಇಲ್ಲ. ಮರದ ಮೇಲಿರುವುದನ್ನೇ ಬರೆಯಿರಿ.

ಈಗ ಬೆಲೆಯ ಮಾತಿಗೆ ಬರುತ್ತೇವೆ. ಇದನ್ನು ಹೇಳಬೇಕೆಂದೇ ಈ ಹೊತ್ತು ನಿಂತಿದ್ದೇವೆ.

ನಾಯಿಯ ಮೊದಲ ಚಿತ್ರವನ್ನು ನಾವು ಪರಿಚಿತರೊಬ್ಬರಿಗೆ ಬರೆದುಕೊಟ್ಟೆವು. ಹಣದ ಮಾತು ಬಂದಾಗ ಅವರು, “ಏನ್ರೀ, ನಮ್ಮ ಕಡೆಯಿಂದಲೂ ರೊಕ್ಕ ತಗೋತೀರೇನು?” ಎಂದು ನಕ್ಕರು. ನಾವೂ ನಕ್ಕು ಸುಮ್ಮನಾದೆವು. ಕೆಲವು ತಿಂಗಳ ಮೇಲೆ ಅವರ ಮನೆಗೆ ಹಬ್ಬಕ್ಕೆ ಹೋದಾಗ, ಆ ಚಿತ್ರ ಹಳೆಯ ಪತ್ರಿಕೆಗಳ ಜೊತೆಗೆ ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಅವರನ್ನು ದೂರುವುದಿಲ್ಲ. ಬೆಲೆಯಿಲ್ಲವೆಂದು ಹೇಳಿಕೊಟ್ಟವರು ನಾವೇ.

ಎರಡನೆಯದನ್ನು ಬಯಸಿ ಬಂದವರು ಮರಾಠಿಗರು. ರೈಲ್ವೆಯಿಂದ ನಿವೃತ್ತರಾದ ಹಿರಿಯರು. ಹನ್ನೆರಡು ವರ್ಷ ಜೊತೆಗಿದ್ದ ನಾಯಿ ಸತ್ತಿತ್ತು. ಮೊಮ್ಮಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇತ್ತು. “ಎಷ್ಟು ಕೊಡಬೇಕು?” ಎಂದರು. ನಾವು ಹಳೆಯ ಚಾಳಿಯಂತೆ, “ನಿಮಗೆ ತೋರಿದಷ್ಟು ಕೊಡಿ ಕಾಕಾ” ಎಂದೆವು. ಅವರ ಮುಖ ಕೆಂಪಾಯಿತು. “ಡಾಕ್ಟರರಿಗೆ ಕೊಟ್ಟಿದ್ದೇನೆ. ಗುಂಡಿ ತೋಡಿದವನಿಗೆ ಕೊಟ್ಟಿದ್ದೇನೆ. ಅದರ ಮುಖ ಬರೆಯುವ ಕೈಗೆ ಮಾತ್ರ ದಾನದಂತೆ ಕೊಡಲೇ? ಬೆಲೆ ಹೇಳು ಮಗಳೇ” ಎಂದರು. ಮಗಳು ಹೆದರಿ ಮುನ್ನೂರು ರೂಪಾಯಿ ಎಂದಳು.

ಅಂದು ರಾತ್ರಿ ಲೆಕ್ಕದ ಕೈ ಮೊದಲ ಸಲ ಲೆಕ್ಕ ಹಾಕಿತು. ಬೋರ್ಡಿಗೆ 70 ರೂಪಾಯಿ, ಬಣ್ಣ ಮತ್ತು ಎಣ್ಣೆಗೆ 90, ಕುಂಚದ ಸವಕಳಿಗೆ 30, ಒಟ್ಟು 190. ಐದು ಗಂಟೆಯ ಕೆಲಸ. ಗಂಟೆಗೆ ನೂರರಂತೆ 500. ಅಲ್ಲಿಗೆ 690. ಆದರೆ ಮೂರು ಬರೆದರೆ ಒಂದು ಕೆಡುತ್ತದೆ. ಕಾಲೇಜಿನಲ್ಲಿ ಓದಿದ್ದೆವು: ಸಹಜವಾದ ನಷ್ಟವನ್ನು ಉಳಿದ ಒಳ್ಳೆಯ ಸರಕೇ ಹೊರಬೇಕು. ಮೂರರ ವೆಚ್ಚ 2070ನ್ನು ಎರಡಕ್ಕೆ ಹಂಚಿದರೆ ತಲಾ 1035, ಚೌಕಟ್ಟಿಗೆ 250, ಒಟ್ಟು 1285. ಮುನ್ನೂರಕ್ಕೆ ಮಾರಿ ಲಾಭವೆಂದು ಹಿಗ್ಗುವವರು, ಒಂದೊಂದು ಚಿತ್ರಕ್ಕೂ 985 ರೂಪಾಯಿ ನಷ್ಟ ಹೊರುತ್ತಿದ್ದೆವು. ಅದರಲ್ಲಿ ಹೆಚ್ಚಿನ ಪಾಲು ಬಣ್ಣದ ನಷ್ಟವಲ್ಲ, ಮನೆಯ ಹೆಣ್ಣುಮಗಳ ಹೊತ್ತಿನದು. ಆ ಹೊತ್ತಿಗೆ ಬೆಲೆಯಿದೆಯೆಂದು ಅವಳ ಗಂಡನೇ ಪುಸ್ತಕದಲ್ಲಿ ಬರೆದಿರಲಿಲ್ಲ. ಈ ಮಾತನ್ನು ನಾಚಿಕೆಯಿಂದಲೇ ಸಭೆಯಲ್ಲಿ ಒಪ್ಪಿಕೊಳ್ಳುತ್ತೇವೆ.

ಆಡಿದ ಬೆಲೆ ಆಡಿದ್ದೇ; ಹಿರಿಯರ ಚಿತ್ರವನ್ನು ಮುನ್ನೂರಕ್ಕೇ ಬರೆದೆವು. ನೋಡಲು ಬಂದವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, “ಹರಿದದ್ದು ಎಡಗಿವಿ. ಇಲ್ಲಿ ಬಲಗಿವಿಯಾಗಿದೆ” ಎಂದರು. ಮೊಮ್ಮಗ ತನ್ನನ್ನೂ ಸೇರಿಸಿ ಮುಂದಿನ ಕ್ಯಾಮೆರಾದಿಂದ ತೆಗೆದಿದ್ದ. ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗಿತ್ತು. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಬಣ್ಣ ಇನ್ನೂ ಹಸಿಯಾಗಿತ್ತು. ಅವರ ಎದುರಿಗೇ ಎರಡು ಕಿವಿಗಳನ್ನೂ ಚಾಕುವಿನಿಂದ ಕೆರೆದು ತೆಗೆದು, ಅವರು ಬೆರಳಿನಿಂದ ತೋರಿಸಿದಂತೆ ಹೊಸದಾಗಿ ಬರೆದೆವು. ಮರಿಯಾಗಿದ್ದಾಗ ಬೀದಿನಾಯಿ ಕಚ್ಚಿದ ಗುರುತಂತೆ ಅದು. ಅಂದಿನಿಂದ ಫೋಟೋ ಕೊಟ್ಟವರನ್ನು ನಾವು ಕೇಳುವ ಮೊದಲ ಪ್ರಶ್ನೆ, ಯಾವ ಕ್ಯಾಮೆರಾದಿಂದ ತೆಗೆದದ್ದು ಎಂಬುದು.

ತೈಲಚಿತ್ರ ಮುಟ್ಟಲು ಒಣಗಿದಂತಿದ್ದರೂ ಒಳಗೆ ಒಣಗಲು ಆರು ತಿಂಗಳಾದರೂ ಬೇಕು; ಆಮೇಲೆಯೇ ಅದಕ್ಕೆ ವಾರ್ನಿಷು. ಅಷ್ಟು ದಿನದ ಮೇಲೆ ಆ ಹಿರಿಯರು ಚಿತ್ರವನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಂದರು. ಬಿಚ್ಚಿ ನೋಡಿದರೆ ಚೌಕಟ್ಟಿನ ಮೇಲಂಚಿನಲ್ಲಿ ಮಾತ್ರ ಧೂಳಿನ ಒಂದು ಗೆರೆ. ಹಿಂಬದಿಯಲ್ಲಿ ಗೋಡೆಯ ಸುಣ್ಣ. ಚಿತ್ರ ಗೋಡೆಯ ಮೇಲಿತ್ತು. ನಮಗೆ ಅಷ್ಟೇ ಸಾಕಾಗಿತ್ತು. ವಾರ್ನಿಷಿಗೆ ಎಷ್ಟೆಂದು ಕೇಳಿದರು. ಈ ಸಲ ಹೆದರದೆ ಬೆಲೆ ಹೇಳಿದೆವು, ಸಂತೋಷದಿಂದ ಎಣಿಸಿಕೊಟ್ಟರು.

ಬಂಧುಗಳೇ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಚಿತ್ರಸಂತೆಯನ್ನು ನಡೆಸುತ್ತದೆ. 2025ರ ಜನವರಿ 5ರಂದು ನಡೆದುದು 22ನೆಯ ಸಂತೆ. ಬರೆದವರು ರಸ್ತೆಯ ಬದಿಯಲ್ಲಿ ಕೂರುತ್ತಾರೆ. ಕೊಳ್ಳುವವರು ಕಾಯಿಪಲ್ಲೆ ಸಂತೆಯಲ್ಲಿಯಂತೆ ನಡೆದು ನೋಡಿ ಕೊಳ್ಳುತ್ತಾರೆ. ಮನೆಗೊಂದು ಕಲಾಕೃತಿಯೆಂಬುದು ಅದರ ಆಶಯ. ಅಷ್ಟು ದೂರ ಹೋಗಲಾಗದಿದ್ದರೆ ನಮ್ಮೂರಿನಲ್ಲೇ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರವಿದೆ. 1986ರಲ್ಲಿ ಹುಟ್ಟಿದ ಆ ಕೇಂದ್ರದಲ್ಲಿ ಕರ್ನಾಟಕವೂ ಸದಸ್ಯ ರಾಜ್ಯ. ಅದರ ಅಂಗಳದ ಮೇಳಗಳಿಗೆ ನಾವು ತಿಂಡಿ ತಿನ್ನಲು ಹೋಗುತ್ತೇವೆ, ಕೊಳ್ಳಲೂ ಹೋಗೋಣ.

ಸಂಘಕ್ಕೆ ನಮ್ಮ ಬಿನ್ನಹ ಒಂದೇ. ಮುಂದಿನ ರಾಜ್ಯೋತ್ಸವಕ್ಕೆ ಊಟದ ಮನೆಯ ಪಕ್ಕದಲ್ಲಿ ಒಂದು ಮೇಜು ಹಾಕಿಸಿ. ನಮ್ಮ ಹೆಣ್ಣುಮಕ್ಕಳು, ಮಕ್ಕಳು ಬರೆದ ಚಿಕ್ಕ ಚಿತ್ರಗಳು ಅಲ್ಲಿರಲಿ: ಮನೆಯ ಬೆಕ್ಕು, ಅಜ್ಜನ ಕನ್ನಡಕ, ಫುಟಾಳಾ ಕೆರೆಯ ದಂಡೆ, ಬೆಳಗಿನ ತರ್ರಿ ಪೋಹಾ. ಒಂದೊಂದರ ಕೆಳಗೂ ಬೆಲೆಯ ಚೀಟಿ ಇರಲಿ. ಪುಕ್ಕಟೆಯಾಗಿ ಯಾರೂ ಕೊಡಬಾರದು, ಯಾರೂ ಕೇಳಬಾರದು. “ಚೆನ್ನಾಗಿದೆ” ಎಂಬ ಮಾತು ಸಿಹಿಯಾದದ್ದೇ. ಆದರೆ ಆ ಮಾತಿನಿಂದ ಬಣ್ಣದ ಅಂಗಡಿಯವನು ಬಣ್ಣ ಕೊಡುವುದಿಲ್ಲ.

ಮೊದಲ ಚಿತ್ರವನ್ನು ನಾನೇ ಕೊಳ್ಳುತ್ತೇನೆ ಎಂದು ಅಧ್ಯಕ್ಷರು ಈಗಾಗಲೇ ಕಿವಿಯಲ್ಲಿ ಹೇಳಿದ್ದಾರೆ. ಇಷ್ಟು ಜನರೆದುರು ಹೇಳಿಬಿಟ್ಟುದರಿಂದ ಅವರು ಇನ್ನು ತಪ್ಪಿಸಿಕೊಳ್ಳಲಾರರು.