ತೇವಾಂಶ: ಅಂದಾಜಿನಿಂದ ಅಳತೆಗೆ



ಕಾಳುಮೆಣಸಿನ ತೇವಾಂಶ ಶೇಕಡಾ 12ನ್ನು ಮೀರಿದರೆ ದಾಸ್ತಾನಿನಲ್ಲಿ ಬೂಷ್ಟು ಹಿಡಿಯುವ ಅಪಾಯವಿದೆ. ಅತಿಯಾಗಿ ಒಣಗಿಸಿದರೆ ತೂಕದಲ್ಲಿ ಬೆಳೆಗಾರನಿಗೇ ನಷ್ಟ. ಆದ್ದರಿಂದ ಮಾರುವ ಮುನ್ನ ತೇವಾಂಶವನ್ನು ತಾನೇ ಅಳೆದು ತಿಳಿದಿರುವುದು ಲೇಸು.

ಮೈಕ್ರೋವೇವ್ ಒಲೆಯೂ ಗ್ರಾಂ ತೋರಿಸುವ ತಕ್ಕಡಿಯೂ ಇದ್ದರೆ ಇದು ಸಾಧ್ಯ. ರಾಶಿಯ ಹಲವೆಡೆಯಿಂದ ತೆಗೆದ ಮೆಣಸನ್ನು ತರಿಯಾಗಿ ಪುಡಿಮಾಡಿ, 100 ಗ್ರಾಂ ತೂಗಿ ಗಾಜಿನ ತಟ್ಟೆಯಲ್ಲಿ ಹರಡಬೇಕು. ಸೀಯದಂತೆ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ಮಂದ ಶಾಖದಲ್ಲಿ ಮತ್ತೆ ಮತ್ತೆ ಕಾಯಿಸಿ ತೂಗಬೇಕು. ತೂಕ ಇಳಿಯುವುದು ನಿಂತಾಗ 88 ಗ್ರಾಂ ಉಳಿದರೆ, ಹೋದದ್ದು ಶೇಕಡಾ 12.

ಆದರೆ ಹೋದದ್ದೆಲ್ಲವೂ ನೀರಲ್ಲ. ಮೆಣಸಿನ ಸುಗಂಧತೈಲವೂ ಆವಿಯಾಗಿರುತ್ತದೆ. ಅದಕ್ಕೆಂದೇ ಪ್ರಯೋಗಾಲಯಗಳಲ್ಲಿ ಟಾಲೂಯಿನ್ ಬಳಸಿ ಭಟ್ಟಿಯಿಳಿಸಿ ನೀರನ್ನಷ್ಟೇ ಅಳೆಯುತ್ತಾರೆ. ಮನೆಯ ಅಳತೆ ತೇವಾಂಶವನ್ನು ತುಸು ಹೆಚ್ಚಾಗಿಯೇ ತೋರಿಸುತ್ತದೆ. ಅದೇ 12ಕ್ಕಿಂತ ಕಡಿಮೆಯಿದ್ದರೆ ನಿಶ್ಚಿಂತೆಯಿಂದ ಚೀಲ ಕಟ್ಟಬಹುದು.