ಮನೆ ಒಂದು, ಬಾಡಿಗೆದಾರರು ಮೂವರು: ಯಾರ ಹೊಣೆ ಎಷ್ಟು?



ಬೆಂಗಳೂರಿಗೆ ಕೆಲಸಕ್ಕೆ ಅಂತ ಬಂದವರಲ್ಲಿ ಎಷ್ಟೋ ಜನ ಮೊದಲು ಪಿಜಿಯಲ್ಲಿ ಇರ್ತಾರೆ. ಊಟ ಒಗ್ಗಲ್ಲ, ಜಾಗ ಸಾಕಾಗಲ್ಲ. ಆಮೇಲೆ ಆಫೀಸಿನವರೋ ಊರಿನವರೋ ಇಬ್ಬರು ಮೂವರು ಸೇರಿ ಒಂದು ಟೂ ಬಿಎಚ್‌ಕೆ ಮಾಡ್ಕೋತಾರೆ. ಅಡ್ವಾನ್ಸ್ ಎಲ್ಲರೂ ಹಂಚಿಕೊಂಡು ಕೊಡ್ತಾರೆ, ಅಗ್ರಿಮೆಂಟಿಗೆ ಮಾತ್ರ ಒಬ್ಬರೇ ಸಹಿ ಹಾಕ್ತಾರೆ. ಮನೆ ಬಿಡೋ ಹೊತ್ತಿಗೆ ಜಗಳ ಹುಟ್ಟೋದು ಬಹಳ ಸಲ ಇಲ್ಲಿಂದಲೇ.

ಹೀಗೆ ಹಂಚಿಕೊಂಡು ಇರೋ ಮನೆಯಲ್ಲಿ ಓನರ್ ಹೊಣೆ ಏನು, ಬಾಡಿಗೆದಾರರ ಹೊಣೆ ಏನು, ಜೊತೆಗಿರೋರು ಒಬ್ಬರಿಗೊಬ್ಬರು ಏನು ಕೊಡಬೇಕು, ಇವತ್ತು ಇದನ್ನ ನೋಡೋಣ.

ಮೊದಲು, ಯಾವ ಕಾನೂನು ಅನ್ವಯ ಆಗುತ್ತೆ? ನಮ್ಮಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಬಾಡಿಗೆ ದಾಟಿದ ಮನೆಗಳನ್ನ ಆ ಕಾಯ್ದೆ ಹೊರಗಿಟ್ಟಿದೆ. ಈಗ ಆ ಬಾಡಿಗೆಗೆ ಒಂದು ರೂಮ್ ಸಿಗೋದೂ ಕಷ್ಟ. ಹಾಗಾಗಿ ನಿಮ್ಮ ಮನೆಗೆ ಅನ್ವಯ ಆಗೋದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನಿಮ್ಮ ಅಗ್ರಿಮೆಂಟು. ಆ ಕಾಯ್ದೆಯ 108ನೇ ಸೆಕ್ಷನ್ ಎರಡೂ ಕಡೆಯವರ ಹೊಣೆಗಳನ್ನ ಪಟ್ಟಿ ಮಾಡುತ್ತೆ. ಅದರ ಮೊದಲ ಸಾಲಿನಲ್ಲೇ ಒಂದು ಷರತ್ತಿದೆ: ಒಪ್ಪಂದದಲ್ಲೋ ಸ್ಥಳೀಯ ರೂಢಿಯಲ್ಲೋ ಬೇರೆ ರೀತಿ ಇಲ್ಲದಿದ್ದರೆ ಮಾತ್ರ ಈ ಪಟ್ಟಿ ನಡೆಯುತ್ತೆ. ಅಂದರೆ ನೀವು ಓದದೆ ಸಹಿ ಹಾಕಿದ ಕಾಗದ, ಕಾನೂನು ನಿಮಗೆ ಕೊಟ್ಟಿದ್ದನ್ನ ಕಿತ್ಕೊಳ್ಳಬಹುದು.

ಈಗ ಓನರ್ ಹೊಣೆ. ಮನೆಯಲ್ಲಿ ಕಣ್ಣಿಗೆ ಕಾಣದ ದೊಡ್ಡ ದೋಷ ಇದ್ದು ಅದು ತನಗೆ ಗೊತ್ತಿದ್ದರೆ ಮೊದಲೇ ಹೇಳಬೇಕು. ಬಾಡಿಗೆದಾರ ಬಾಡಿಗೆ ಕಟ್ಟಿ ಒಪ್ಪಂದದಂತೆ ನಡೆದುಕೊಳ್ತಿರೋವರೆಗೂ ನೆಮ್ಮದಿಯಾಗಿ ಇರೋಕೆ ಬಿಡಬೇಕು. ಜಗಳ ಆಯ್ತು ಅಂತ ನೀರಿನ ವಾಲ್ವ್ ತಿರುಗಿಸೋದು, ಫ್ಯೂಸ್ ಕೀಳೋದು, ಬೀಗ ಬದಲಾಯಿಸೋದು, ಇವು ಯಾವುದಕ್ಕೂ ಓನರ್‌ಗೆ ಹಕ್ಕಿಲ್ಲ. ಬಲವಂತವಾಗಿ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು.

ರಿಪೇರಿ ವಿಷಯದಲ್ಲಿ ತುಂಬಾ ಜನಕ್ಕೆ ಗೊಂದಲ ಇದೆ. ಓನರ್ ಮಾಡಿಸಬೇಕಾದ ರಿಪೇರಿಯನ್ನ, ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನ ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಅಂತ 108ನೇ ಸೆಕ್ಷನ್ ಹೇಳುತ್ತೆ. ಆದರೆ ಗಮನಿಸಿ, ಅದು 'ಓನರ್ ಮಾಡಿಸಲೇಬೇಕಾದ' ರಿಪೇರಿಗೆ ಮಾತ್ರ. ಬಾತ್‌ರೂಮಿನ ಗೋಡೆಯಿಂದ ನೀರು ಜಿನುಗಿ ಪಕ್ಕದ ಬೆಡ್‌ರೂಮಿನ ಸುಣ್ಣ ಉದುರ್ತಾ ಇದೆ ಅಂತಿಟ್ಕೊಳ್ಳಿ. ಇದನ್ನ ಯಾರು ಮಾಡಿಸಬೇಕು? ಅಗ್ರಿಮೆಂಟಿನಲ್ಲಿ ಬರೆದಿಲ್ಲ ಅಂದ್ರೆ ವಾದ ಮುಗಿಯೋದೇ ಇಲ್ಲ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಒಂದು ಒಳ್ಳೆ ಪಟ್ಟಿ ಇದೆ. ಗೋಡೆಗೆ ಸುಣ್ಣ ಬಣ್ಣ, ಪೈಪು ಬದಲಾಯಿಸೋದು, ವೈರಿಂಗು, ಇವೆಲ್ಲ ಓನರ್ ಪಾಲು. ನಲ್ಲಿಯ ವಾಷರ್, ಸ್ವಿಚ್ಚು, ಸಾಕೆಟ್ಟು, ಗೀಸರ್ ರಿಪೇರಿ, ಒಡೆದ ಕಿಟಕಿ ಗಾಜು, ಕಟ್ಟಿಕೊಂಡ ಡ್ರೈನು, ಇವೆಲ್ಲ ಬಾಡಿಗೆದಾರರ ಪಾಲು. ಮಾದರಿ ಕಾಯ್ದೆ ತಾನಾಗೇ ಜಾರಿಗೆ ಬರೋದಿಲ್ಲ, ರಾಜ್ಯಗಳು ತಮ್ಮ ಕಾನೂನು ಮಾಡ್ಕೋಬೇಕು. ಆದರೆ ಆ ಪಟ್ಟಿಯನ್ನ ನಿಮ್ಮ ಅಗ್ರಿಮೆಂಟಿಗೆ ಇಳಿಸಿಕೊಳ್ಳೋಕೆ ಯಾರ ಅಡ್ಡಿಯೂ ಇಲ್ಲ. ಓನರ್ ಜೊತೆ ಕೂತು ಇಳಿಸ್ಕೊಳ್ಳಿ.

ಬಾಡಿಗೆದಾರರ ಹೊಣೆಯೂ ಅಷ್ಟೇ ಸ್ಪಷ್ಟ. ಹೇಳಿದ ದಿನಕ್ಕೆ ಬಾಡಿಗೆ ಕಟ್ಟಬೇಕು. ವಾಸಕ್ಕೆ ಅಂತ ಪಡೆದ ಮನೆಯಲ್ಲಿ ಬೇರೆ ವ್ಯವಹಾರ ನಡೆಸಬಾರದು. ಓನರ್ ಹೊತ್ತು ಗೊತ್ತು ನೋಡಿ ಮನೆ ಪರಿಶೀಲಿಸೋಕೆ ಬಂದರೆ ಒಳಗೆ ಬಿಡಬೇಕು. ಮನೆಯನ್ನ ಹೇಗೆ ಪಡೆದರೋ ಹಾಗೇ ಒಪ್ಪಿಸಬೇಕು. ದಿನನಿತ್ಯದ ಬಳಕೆಯಿಂದ ಆಗೋ ಸವೆತ ಇದರಲ್ಲಿ ಸೇರೋದಿಲ್ಲ. ಬಣ್ಣ ಮಾಸೋದು ಸವೆತ. ಕೇಳದೆ ಟಿವಿ ಸ್ಟ್ಯಾಂಡಿಗೆ ಗೋಡೆ ಕೊರೆದು ಟೈಲ್ಸ್ ಒಡೆಯೋದು ಹಾನಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಉದಾಹರಣೆ ತಗೊಳ್ಳೋಣ. ಹಾಸನದವರು ಒಬ್ಬರು, ಧಾರವಾಡದವರು ಒಬ್ಬರು, ಮಂಗಳೂರಿನವರು ಒಬ್ಬರು. ಬಾಡಿಗೆ ತಿಂಗಳಿಗೆ 30,000. ಅಡ್ವಾನ್ಸ್ 1,50,000, ತಲಾ 50,000. ಐದನೇ ತಿಂಗಳು ಮಂಗಳೂರಿನವರಿಗೆ ಪುಣೆಗೆ ವರ್ಗ ಆಯ್ತು, ಹೊರಟರು. ಈಗ ಯಾರು ಎಷ್ಟು ಬಾಡಿಗೆ ಕೊಡಬೇಕು?

ಮೂವರೂ ಸಹಿ ಹಾಕಿದ್ದರೆ, ಅದು ಜಂಟಿ ವಾಗ್ದಾನ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಓನರ್ ಪೂರ್ತಿ 30,000ವನ್ನ ಮೂವರಲ್ಲಿ ಯಾರ ಹತ್ತಿರ ಬೇಕಾದರೂ ಕೇಳಬಹುದು. 'ನನ್ನ ಪಾಲು ಹತ್ತೇ ಸಾವಿರ' ಅನ್ನೋ ಮಾತು ಓನರ್ ಮುಂದೆ ನಡೆಯೋದಿಲ್ಲ. ಆದರೆ ಪೂರ್ತಿ ಕಟ್ಟಿದವರು ಉಳಿದವರಿಂದ ಅವರವರ ಪಾಲು ವಸೂಲಿ ಮಾಡೋ ಹಕ್ಕನ್ನೂ ಅದೇ ಸೆಕ್ಷನ್ ಕೊಡುತ್ತೆ.

ಒಬ್ಬರೇ ಸಹಿ ಹಾಕಿದ್ದರೆ? ಹಾಸನದವರು ಸಹಿ ಹಾಕಿದ್ರು ಅಂತಿಟ್ಕೊಳ್ಳಿ. ಬಾಡಿಗೆ, ಹಾನಿ, ಬಾಕಿ, ಎಲ್ಲದಕ್ಕೂ ಓನರ್ ಕೇಳೋದು ಅವರನ್ನೇ. ಇನ್ನಿಬ್ಬರು ಅಗ್ರಿಮೆಂಟಿನಲ್ಲಿ ಇಲ್ಲವೇ ಇಲ್ಲ. ಅಡ್ವಾನ್ಸ್ ವಾಪಸ್ ಬರೋದೂ ಸಹಿ ಹಾಕಿದವರ ಖಾತೆಗೇ. ಸಹಿ ಹಾಕದವರು ತಮ್ಮ 50,000 ಓನರ್ ಹತ್ತಿರ ಕೇಳೋಕೆ ಹೋದರೆ, 'ನಿಮಗೂ ನನಗೂ ಏನು ಸಂಬಂಧ' ಅಂತಾರೆ. ಹಾಗಾಗಿ ಎಲ್ಲರ ಹೆಸರೂ ಅಗ್ರಿಮೆಂಟಿನಲ್ಲಿ ಇರಲಿ. ಇದು ಓನರ್‌ಗೂ ಒಳ್ಳೇದು, ತಮ್ಮ ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿರುತ್ತೆ, ಬಾಡಿಗೆಗೆ ಮೂರು ಜನ ಹೊಣೆ ಆಗ್ತಾರೆ.

ಹೊರಟವರ ಜಾಗಕ್ಕೆ ಹೊಸಬರನ್ನ ಕರೆದುಕೊಳ್ಳೋ ಮುಂಚೆ ಓನರ್ ಒಪ್ಪಿಗೆ ತಗೊಳ್ಳಿ. ಒಳಬಾಡಿಗೆಗೆ ಕೊಡಬಾರದು ಅನ್ನೋ ಷರತ್ತು ಹೆಚ್ಚಿನ ಅಗ್ರಿಮೆಂಟುಗಳಲ್ಲಿ ಇರುತ್ತೆ. ಒಪ್ಪಿಗೆ ಇಲ್ಲದೆ ಹೊಸಬರು ಬಂದರೆ ಎಲ್ಲರನ್ನೂ ಖಾಲಿ ಮಾಡಿಸೋಕೆ ಅದೇ ಕಾರಣ ಆಗಬಹುದು. ಹೊಸಬರು ಹಳಬರಿಗೆ 50,000 ಕೊಟ್ಟರೆ ಬ್ಯಾಂಕ್ ಮೂಲಕ ಕೊಡಲಿ, ಯಾವ ಬಾಬ್ತು ಅಂತ ಬರೆದು ಕಳಿಸಲಿ, ಓನರ್‌ಗೂ ಒಂದು ಮೆಸೇಜ್ ಹೋಗಲಿ.

ಅಡ್ವಾನ್ಸ್ ಬಗ್ಗೆ ಇನ್ನೊಂದು ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋ ರೂಢಿ ಇತ್ತು, ಈಗಲೂ ಐದಾರು ತಿಂಗಳದ್ದು ಕೇಳೋರು ಇದ್ದಾರೆ. ಮಾದರಿ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತೆ. ಪಕ್ಕದ ತಮಿಳುನಾಡಿನ ಕಾನೂನು ಮೂರು ತಿಂಗಳ ಮಿತಿ ಹಾಕಿದೆ. ಇಷ್ಟು ದೊಡ್ಡ ಮೊತ್ತ ಒಬ್ಬರ ಕೈಯಲ್ಲಿ ನಿಂತಿರುವಾಗ ವಾಪಸ್ ಕೊಡೋ ದಿನವೂ ಕಾಗದದ ಮೇಲೆ ಇರಬೇಕು. ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋ ಷರತ್ತು ಇದ್ದರೆ ಅದನ್ನೂ ಮೊದಲೇ ಓದಿ. ನಮ್ಮ ಉದಾಹರಣೆಯಲ್ಲಿ ಅದು 30,000. ಎಂಟನೇ ತಿಂಗಳು ಬಂದ ಹೊಸಬರೂ ಅದರಲ್ಲಿ ಹತ್ತು ಸಾವಿರ ಹೊರಬೇಕಾ? ಅವರು ಬರೋ ದಿನವೇ ಇದನ್ನ ತೀರ್ಮಾನ ಮಾಡಿ, ಹೋಗೋ ದಿನಕ್ಕೆ ಬಿಡಬೇಡಿ.

ಮನೆಗೆ ಹೋದ ಮೊದಲ ದಿನ, ಮನೆ ಹೇಗಿತ್ತು ಅಂತ ದಾಖಲಿಸೋಕೆ ಅರ್ಧ ಗಂಟೆ ಎತ್ತಿಡಿ. ಬೆಸ್ಕಾಂ ಮೀಟರಿನ ರೀಡಿಂಗ್, ಪ್ರತಿ ರೂಮಿನ ನಾಲ್ಕೂ ಗೋಡೆ, ಸಿಂಕ್ ಕೆಳಗಿನ ಪೈಪು, ಗೀಸರ್, ಬಾಗಿಲಿನ ಚಿಲಕ, ಫ್ಯಾನುಗಳ ಲೆಕ್ಕ, ಎಲ್ಲದರ ಫೋಟೊ ತೆಗೆದು ಓನರ್‌ಗೂ ಜೊತೆಗಿರೋರಿಗೂ ವಾಟ್ಸಾಪ್ ಮಾಡಿ. ತಾರೀಖು ಅದರಲ್ಲೇ ದಾಖಲಾಗಿರುತ್ತೆ. ಕರೆಂಟ್ ಬಿಲ್ಲು ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಹೆಸರಿಗೆ ಜೋಡಣೆ ಆಗಿದ್ದರೆ, ಮನೆ ಬಿಡುವಾಗ ಅದನ್ನ ತೆಗೆಸಿ.

ಅಗ್ರಿಮೆಂಟು ಯಾಕೆ ಯಾವಾಗಲೂ ಹನ್ನೊಂದು ತಿಂಗಳು? ಒಂದು ವರ್ಷ ಮೀರಿದ ಬಾಡಿಗೆ ಒಪ್ಪಂದವನ್ನ ನೋಂದಣಿ ಮಾಡಿಸಲೇಬೇಕು, ಅದಕ್ಕೆ. ಹನ್ನೊಂದು ತಿಂಗಳು ಮುಗಿದ ಮೇಲೂ ನೀವು ಇದ್ದು, ಓನರ್ ಬಾಡಿಗೆ ತಗೊಳ್ತಾ ಇದ್ದರೆ, ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತೆ. ಆಗ ಬೇರೆ ಒಪ್ಪಂದ ಇಲ್ಲದಿದ್ದರೆ ಎರಡೂ ಕಡೆಯವರು ಕೊಡಬೇಕಾದ ನೋಟಿಸ್ ಹದಿನೈದು ದಿನ.

ಇಷ್ಟಾದರೂ ಅಡ್ವಾನ್ಸ್ ವಾಪಸ್ ಬರದಿದ್ದರೆ, ಮೊದಲು ಬರಹದಲ್ಲಿ ಕೇಳಿ, ಆಮೇಲೆ ವಕೀಲರ ನೋಟಿಸ್, ಆಮೇಲೆ ಸಿವಿಲ್ ಕೋರ್ಟು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ಸಿಗುತ್ತೆ. ಸಹಾಯವಾಣಿ ಸಂಖ್ಯೆ 15100.

ಕೊನೆಯದಾಗಿ ಒಂದು ಮನವಿ. ಓನರ್ ಜೊತೆ ಒಂದು ಅಗ್ರಿಮೆಂಟು ಹೇಗೋ ಮಾಡ್ಕೋತೀರ. ಜೊತೆಗಿರೋರ ನಡುವೆಯೂ ಒಂದು ಪುಟ ಬರೆದುಕೊಳ್ಳಿ: ಯಾರ ಅಡ್ವಾನ್ಸ್ ಎಷ್ಟು, ಬಾಡಿಗೆ ಪಾಲು ಎಷ್ಟು, ಬಿಡೋರು ಎಷ್ಟು ದಿನ ಮೊದಲು ಹೇಳಬೇಕು, ಪೇಂಟಿಂಗ್ ಖರ್ಚು ಹೇಗೆ. ಎಲ್ಲರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಕೊಳ್ಳಿ. ಗೆಳೆತನದಲ್ಲಿ ಇದೆಲ್ಲ ಯಾಕೆ ಅಂತ ಸಂಕೋಚ ಪಡಬೇಡಿ. ದುಡ್ಡಿನ ಲೆಕ್ಕ ಬಾಯಿಮಾತಲ್ಲಿ ಉಳಿದಿದ್ದರಿಂದಲೇ ಎಷ್ಟೋ ಗೆಳೆತನಗಳು ಮುರಿದಿವೆ. ಈ ತಿಂಗಳು ಮನೆ ನೋಡ್ತಾ ಇರೋ ನಿಮ್ಮ ಗೆಳೆಯರಿಗೆ ಈ ವಿಡಿಯೊ ಕಳಿಸಿ, ಅವರು ಸಹಿ ಹಾಕೋ ಮೊದಲೇ ಕಳಿಸಿ.