ಸೂರಿನ ದಂಬೆ ಶುಚಿ ಮಾಡುವ ಬಾಡಿಗೆ ಕೆಲಸ: ಯಂತ್ರ ಎಂಥದ್ದು, ದರ ಎಷ್ಟು?

(ಗ್ರಾಮೀಣ ಯುವಕರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ಮಲೆನಾಡು, ಕರಾವಳಿಯಲ್ಲಿ ಮೇ ತಿಂಗಳು ಬಂತೆಂದರೆ ಮಳೆಗಾಲದ ಸಿದ್ಧತೆ. ಸೌದೆ ಒಳಗಿಡಬೇಕು, ಒಡೆದ ಹಂಚು ಬದಲಿಸಬೇಕು, ಸೂರಿನ ಅಂಚಿಗೆ ಕಟ್ಟಿದ ತಗಡಿನ ಅಥವಾ ಪಿ.ವಿ.ಸಿ. ದಂಬೆಯಲ್ಲಿ ಕೂತ ಕಸ ತೆಗೆಯಬೇಕು. ಹಲಸು, ಮಾವಿನ ಎಲೆ, ಹಂಚಿನ ಪಾಚಿ, ಅಡಿಕೆ ಹೂವು ಎಲ್ಲ ಸೇರಿ ಅಲ್ಲಿ ಗೊಬ್ಬರವೇ ಆಗಿರುತ್ತದೆ. ಕಟ್ಟಿಕೊಂಡ ದಂಬೆಯಿಂದ ಉಕ್ಕಿದ ನೀರು ಗೋಡೆಗೆ ಇಳಿಯುತ್ತದೆ, ಪಕಾಸಿ ರೀಪುಗಳು ಕೊಳೆಯುತ್ತವೆ. ನಿಂತ ನೀರಿನಲ್ಲಿ ಡೆಂಗೆ ಹರಡುವ ಸೊಳ್ಳೆ ಒಂದು ವಾರ, ಹತ್ತು ದಿನದೊಳಗೆ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರುತ್ತದೆ. ಮಳೆನೀರು ಸಂಗ್ರಹಿಸುವವರಿಗಂತೂ ನಷ್ಟ ನೇರವಾದದ್ದು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಗೆ 50 ಮಿ.ಮೀ. ಮಳೆಯಾದರೆ 5,000 ಲೀಟರ್. ದಂಬೆ ಕಟ್ಟಿಕೊಂಡಿದ್ದರೆ ಅದರಲ್ಲಿ ಬಹುಪಾಲು ಅಂಗಳಕ್ಕೆ ಹೋಯಿತು.

ಈ ಕೆಲಸಕ್ಕೆ ಏಣಿ ಹತ್ತುವ ಆಳುಗಳು ಈಗ ಸಿಗುವುದು ಕಷ್ಟ. ಸಿಕ್ಕರೂ ಪಾಚಿ ಹಿಡಿದ ಹಂಚಿನ ಮೇಲೆ ಕಾಲಿಟ್ಟು ಬಿದ್ದವರು ಪ್ರತಿ ಊರಿನಲ್ಲೂ ಇದ್ದಾರೆ. ಆದ್ದರಿಂದ ನೆಲದ ಮೇಲೆಯೇ ನಿಂತು, ಉದ್ದನೆಯ ಕೊಳವೆಯಿಂದ ಕಸ ಹೀರಿ ತೆಗೆಯುವ ಯಂತ್ರವನ್ನು ಬಾಡಿಗೆ ಕೆಲಸಕ್ಕೆ ಇಟ್ಟುಕೊಳ್ಳಬಹುದೇ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಇಟ್ಟುಕೊಳ್ಳಬಹುದು. ಆದರೆ ಲೆಕ್ಕ ಹಾಕದೆ ಸಾಲ ತೆಗೆದರೆ ಯಂತ್ರ ಕೊಟ್ಟಿಗೆಯ ಮೂಲೆಗೆ ಸೇರುತ್ತದೆ, ಕಂತು ಮಾತ್ರ ಬಾಕಿ ಉಳಿಯುತ್ತದೆ.

ಮೊದಲು ಯಂತ್ರದ ವಿಚಾರ. ಮನೆಯ ಜಮಖಾನ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಇದಕ್ಕೆ ಬರುವುದಿಲ್ಲ. ಅದರಲ್ಲಿ ಹೀರಿದ ಗಾಳಿಯೇ ಮೋಟಾರಿನ ಮೂಲಕ ಹಾದು ಅದನ್ನು ತಂಪು ಮಾಡುತ್ತದೆ. ಒದ್ದೆ ಕಸ ಹೀರಿದರೆ ಮೋಟಾರು ಸುಡುತ್ತದೆ. ಒದ್ದೆ, ಒಣ ಎರಡೂ ಕಸ ಹೀರುವ ಡ್ರಮ್ಮಿನ ಯಂತ್ರಗಳಲ್ಲಿ ಮೋಟಾರನ್ನು ತಂಪು ಮಾಡುವ ಗಾಳಿಯ ದಾರಿಯೇ ಬೇರೆ. ಡ್ರಮ್ಮು ತುಂಬಿದಾಗ ಹೀರುವುದನ್ನು ತಾನಾಗಿ ನಿಲ್ಲಿಸುವ ತೇಲುಚೆಂಡು ಇದೆಯೇ ಎಂದು ಕೊಳ್ಳುವಾಗಲೇ ನೋಡಿರಿ.

ಒಂದೇ ಮೋಟಾರಿನ ಯಂತ್ರ ಸುಮಾರು 1,000ದಿಂದ 1,200 ವಾಟ್ ಎಳೆಯುತ್ತದೆ. ಮನೆಯ ಸಣ್ಣ ಸಾಕೆಟ್ಟಿಗೆ ಸಾಕು. ಮೂರು ಮೋಟಾರಿನದು 3,000 ವಾಟ್ ಎಂದರೆ 230 ವೋಲ್ಟಿನಲ್ಲಿ 13 ಆಂಪಿಯರ್. ಇದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಹಳೆಯ ಮನೆಗಳಲ್ಲಿ ಅದು ಇರುವುದೇ ಒಂದೋ ಎರಡೋ ಕಡೆ. ಆದ್ದರಿಂದ 30 ಮೀಟರ್ ಉದ್ದದ, 2.5 ಚದರ ಮಿ.ಮೀ. ತಾಮ್ರದ ಮೂರೆಳೆ ಕೇಬಲ್ ನಿಮ್ಮ ಬಳಿ ಇರಲಿ. ಜೊತೆಗೆ ಸೋರು ವಿದ್ಯುತ್ತಿಗೆ ತಕ್ಷಣ ಕಡಿತವಾಗುವ 30 ಮಿಲಿ ಆಂಪಿಯರಿನ ಸ್ವಿಚ್ಚನ್ನು ನಿಮ್ಮ ಬೋರ್ಡಿನಲ್ಲಿಯೇ ಹಾಕಿಸಿಕೊಳ್ಳಿ. ಮನೆಯವರಲ್ಲಿ ಅದು ಇದೆಯೆಂದು ನಂಬಿ ಹೋಗಬೇಡಿ.

ಕೊಳವೆ 50 ಮಿ.ಮೀ. ಇರಲಿ. ಒಂದೂವರೆ ಇಂಚಿನದು ಹಲಸಿನ ಎಲೆ ಅಡ್ಡ ಬಂದರೆ ಕಟ್ಟಿಕೊಳ್ಳುತ್ತದೆ. ಅಗತ್ಯಕ್ಕಿಂತ ಉದ್ದದ ಕೊಳವೆ ಜೋಡಿಸಿದಷ್ಟೂ ಎಳೆತ ಕಡಿಮೆ.

ಇಲ್ಲಿ ಒಂದು ಸಂಗತಿಯನ್ನು ಪಂಪ್‌ಸೆಟ್ ಇಟ್ಟುಕೊಂಡವರು ಬೇಗ ಹಿಡಿಯುತ್ತೀರಿ. ಬಾವಿಯ ನೀರು ಇಪ್ಪತ್ತೈದು ಅಡಿಗಿಂತ ಕೆಳಗಿದ್ದರೆ ಮೇಲಿಟ್ಟ ಪಂಪು ಎಳೆಯುವುದಿಲ್ಲ. ಈ ಯಂತ್ರದ ನಿರ್ವಾತ ಅದಕ್ಕಿಂತ ಬಹಳ ದುರ್ಬಲ. ಅದು ನೀರಿನ ಕಂಬವನ್ನು ಎತ್ತಬಲ್ಲದ್ದು ಎರಡು, ಎರಡೂವರೆ ಮೀಟರ್ ಮಾತ್ರ. ಹಾಗಿದ್ದರೂ ಇಪ್ಪತ್ತಡಿ ಎತ್ತರದ ಕೆಸರು ಬರುವುದು ಹೇಗೆ? ರಭಸದ ಗಾಳಿ ಅದನ್ನು ತುಣುಕು ತುಣುಕಾಗಿ ಹೊತ್ತು ತರುತ್ತದೆ. ಆದ್ದರಿಂದ ಕೊಳವೆಯ ಬಾಯನ್ನು ಕೆಸರಿನಲ್ಲಿ ಪೂರ್ತಿ ಮುಳುಗಿಸಬಾರದು. ಅರ್ಧ ಗಾಳಿಯಲ್ಲಿ, ಅರ್ಧ ಕಸದಲ್ಲಿ ಇಟ್ಟು ಓಲಾಡಿಸುತ್ತ ಸಾಗಬೇಕು. ಪೂರ್ತಿ ಮುಳುಗಿಸಿದವನು ಏರುಕೊಳವೆಯಲ್ಲಿ ನೀರು ನಿಂತುಬಿಟ್ಟಾಗ ಯಂತ್ರವನ್ನು ಬೈಯುತ್ತಾನೆ!

ಏರುಕೊಳವೆ ಅಲ್ಯೂಮಿನಿಯಂ ಆಗಲಿ, ಹಗುರವಾದ ದುಬಾರಿ ಕಾರ್ಬನ್ ಫೈಬರ್ ಆಗಲಿ, ಎರಡರಲ್ಲೂ ವಿದ್ಯುತ್ ಹರಿಯುತ್ತದೆ. ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿ ಸೂರಿನ ಅಂಚಿಗೇ ಬಂದು ಕೂಡುವುದು ನಮ್ಮಲ್ಲಿ ಸಾಮಾನ್ಯ. ಕೊಳವೆ ಎತ್ತುವ ಮೊದಲು ಮನೆಯ ಸುತ್ತ ಒಂದು ಸುತ್ತು ಬಂದು ತಂತಿಗಳನ್ನು ನೋಡಿರಿ. ಆ ಮೂಲೆಯ ಕೆಲಸ ಆಗುವುದಿಲ್ಲ ಎಂದು ಹೇಳಲು ಸಂಕೋಚ ಬೇಡ. ಅದೇ ಸುತ್ತಿನಲ್ಲಿ ಸೂರಿನ ಕೆಳಗೆ ಕಣಜದ ಗೂಡಿದೆಯೇ ಎಂದೂ ಕಾಣುತ್ತದೆ. ಹಳೆಯ ಆಸ್ಬೆಸ್ಟಾಸ್ ಶೀಟಿನ ಚಾವಣಿಯಾದರೆ ಒಣ ಕಸವನ್ನು ಹೀರಬಾರದು. ಅದರ ನಾರಿನ ಧೂಳು ಸಾಮಾನ್ಯ ಜಾಲರಿಯಲ್ಲಿ ನಿಲ್ಲದೆ ಗಾಳಿಗೆ ಬಂದು ಶ್ವಾಸಕೋಶಕ್ಕೆ ಸೇರುತ್ತದೆ.

ಇನ್ನೊಂದು ಮಾತು ಕಡ್ಡಾಯವಾಗಿ ಹೇಳಬೇಕಾದದ್ದು. ಹೀರುವ ಯಂತ್ರ ಬಂದಿದೆ ಎಂದು ಗೊತ್ತಾದ ಕೂಡಲೇ ಗಟಾರಕ್ಕೂ ಶೌಚದ ಗುಂಡಿಗೂ ಕರೆಯುತ್ತಾರೆ. ಹೋಗಬೇಡಿ. ಗುಂಡಿಯ ಅನಿಲಕ್ಕೆ ಮನುಷ್ಯ ಕ್ಷಣದಲ್ಲಿ ಬೀಳುತ್ತಾನೆ, ಈ ಮೋಟಾರಿನ ಕಿಡಿಗೆ ಅದೇ ಅನಿಲ ಹೊತ್ತಿಕೊಳ್ಳಬಹುದು. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ, ಶೌಚದ ಗುಂಡಿಗಳಿಗೆ ಯಾರನ್ನಾದರೂ ಇಳಿಸುವುದು 2013ರ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ. ಎಷ್ಟು ಹಣ ಕೊಡುತ್ತೇನೆಂದರೂ ಆ ಕೆಲಸ ನಿಮ್ಮದಲ್ಲ.

ಈಗ ದರ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಇಟ್ಟುಕೊಂಡವು. ನಿಮ್ಮ ಊರಿನ ಬೆಲೆಗಳನ್ನು ಹಾಕಿ ತಿದ್ದಿಕೊಳ್ಳಿ. ಮೂರು ಮೋಟಾರಿನ ಯಂತ್ರ, ಕೊಳವೆ, ಕೇಬಲ್, ಏಣಿ, ಶಿರಸ್ತ್ರಾಣ ಎಲ್ಲ ಸೇರಿ ಬಂಡವಾಳ ರೂ. 80,000 ಎನ್ನೋಣ. ನಾಲ್ಕು ವರ್ಷ ಬಾಳಿ, ಕೊನೆಗೆ ರೂ. 8,000ಕ್ಕೆ ಮಾರಾಟವಾದರೆ ವರ್ಷದ ಸವಕಳಿ ರೂ. 18,000. ಸರಾಸರಿ ಬಂಡವಾಳ ರೂ. 44,000ದ ಮೇಲೆ ಶೇಕಡಾ 10ರಂತೆ ಬಡ್ಡಿ ರೂ. 4,400. ದುರಸ್ತಿಗೆ ರೂ. 8,000, ವಿಮೆ ಮುಂತಾದ್ದಕ್ಕೆ ರೂ. 1,600. ಒಟ್ಟು ರೂ. 32,000. ವರ್ಷಕ್ಕೆ 80 ದಿನ ಕೆಲಸವಿದ್ದರೆ ದಿನಕ್ಕೆ ರೂ. 400.

ಇದರ ಮೇಲೆ ಇಬ್ಬರ ಕೂಲಿ ತಲಾ ರೂ. 800, ವಾಹನಕ್ಕೆ ರೂ. 500, ಚಿಲ್ಲರೆ ರೂ. 100. ದಿನದ ಖರ್ಚು ರೂ. 2,600. ಮಳೆ ಬಂದು ಕೆಲಸ ನಿಂತ ದಿನಕ್ಕೂ ಲಾಭಕ್ಕೂ ಸೇರಿ ಶೇಕಡಾ 15 ಕೂಡಿಸಿದರೆ ಸುಮಾರು ರೂ. 3,000 ದಿನದ ಸಂಪಾದನೆ ಆಗಲೇಬೇಕು. ದಿನಕ್ಕೆ 300 ಅಡಿ ದಂಬೆ ಶುಚಿಯಾದರೆ ಅಡಿಗೆ ಹತ್ತು ರೂಪಾಯಿ.

ಹೊಸಬರು ಮಾಡುವ ಲೆಕ್ಕ ಬೇರೆ. ಆಳಿನ ಕೂಲಿ, ಡೀಸೆಲ್, ಚಿಲ್ಲರೆ ಸೇರಿ ರೂ. 1,400 ಖರ್ಚು, ರೂ. 1,800 ಬಂದರೆ ನಾನೂರು ಉಳಿಯಿತು ಎನ್ನುತ್ತಾರೆ. ತನ್ನ ಕೂಲಿ ಎಲ್ಲಿ? ಯಂತ್ರದ ಸವಕಳಿ ಎಲ್ಲಿ? ನಿಜವಾಗಿ ಅವನು ದಿನವೂ ರೂ. 800 ಕೈಯಿಂದ ಹಾಕುತ್ತಿದ್ದಾನೆ. ನಾಲ್ಕನೆಯ ವರ್ಷ ಯಂತ್ರ ನಿಂತಾಗ ಹೊಸದಕ್ಕೆ ಹಣವಿರುವುದಿಲ್ಲ.

ಗಮನಿಸಿರಿ: ಯಂತ್ರದ ಪಾಲು ದಿನಕ್ಕೆ ನಾನೂರು ಮಾತ್ರ. ಕೆಲಸ 80 ದಿನದ ಬದಲು 40 ದಿನವೇ ಸಿಕ್ಕರೂ ಖರ್ಚು ರೂ. 3,000ಕ್ಕೆ ಏರುತ್ತದೆ, ಅಷ್ಟೆ. ಮನೆ ಮುರಿಯುವುದು ಓಡಾಟ. ಎರಡು ದಿಕ್ಕಿನ ಎರಡು ಊರುಗಳಲ್ಲಿ 40 ಅಡಿಯ ಎರಡು ಸಣ್ಣ ಮನೆ ಮಾಡಿ ಸಂಜೆ ಮರಳಿದರೆ ಕೈಗೆ ಬಂದದ್ದು ಎಂಟುನೂರು, ಹೋದದ್ದು ಎರಡು ಸಾವಿರದ ಆರುನೂರು. ಹಾಗಾಗಿ ಅಡಿಯ ದರದ ಜೊತೆ ಒಂದು ಕನಿಷ್ಠ ದರವೂ ಇರಲಿ. ಎಷ್ಟೇ ಸಣ್ಣ ಮನೆಯಾದರೂ ರೂ. 800ಕ್ಕೆ ಕಡಿಮೆ ಬೇಡ. ಅದಕ್ಕಿಂತ ಒಳ್ಳೆಯದು, ಒಂದೇ ಕೇರಿಯ ನಾಲ್ಕು ಮನೆಯವರು ಒಂದೇ ದಿನ ಮಾಡಿಸಿದರೆ ಎಲ್ಲರಿಗೂ ಸ್ವಲ್ಪ ಇಳಿಸುತ್ತೇನೆ ಎನ್ನಿ. ಹಾಲಿನ ಸಂಘದ ಬಳಿ ಬೆಳಿಗ್ಗೆ ಹೇಳಿದರೆ ಸಂಜೆಯೊಳಗೆ ಕೇರಿ ಒಪ್ಪಿರುತ್ತದೆ. ಉಪ್ಪರಿಗೆಯ ಮನೆಗೆ ಒಂದೂವರೆ ಪಟ್ಟು ದರ ನ್ಯಾಯವಾದದ್ದೇ.

ನನ್ನ ಅಭಿಪ್ರಾಯ ಕೇಳಿದರೆ, ಒಂಬತ್ತು ಹತ್ತು ಅಡಿ ಎತ್ತರದ ಸೂರಿಗೆ ಗಟ್ಟಿ ಏಣಿ, ಬಕೆಟ್ಟು, ಕೈ ಕರಣೆ ಈಗಲೂ ಅಗ್ಗ. ಯಂತ್ರದ ಲಾಭ ಇರುವುದು ಉಪ್ಪರಿಗೆ ಮನೆ, ಕಾಲಿಡಲಾಗದ ಹಳೆ ಹಂಚು, ಶಾಲೆ, ಗೋದಾಮುಗಳಲ್ಲಿ. ಆದ್ದರಿಂದ ಮೊದಲ ವರ್ಷ ಒಂದು ಮೋಟಾರಿನ ಯಂತ್ರ, ಐದೈದು ಅಡಿಯ ಪಿ.ವಿ.ಸಿ. ಕೊಳವೆ, ತುದಿಗೊಂದು ಬೆಂಡು ಇಷ್ಟರಲ್ಲೇ ನಡೆಸಿರಿ. ಎಷ್ಟು ಮನೆ, ಎಷ್ಟು ಅಡಿ, ಎಷ್ಟು ಮೈಲಿ ಎಂದು ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕ ನೋಡಿದ ಮೇಲೆ ಬ್ಯಾಂಕಿಗೆ ಹೋಗಬಹುದು.

ಹಂಗಾಮಿಲ್ಲದ ತಿಂಗಳಲ್ಲಿ ಗೋದಾಮಿನ ಧೂಳು, ಬರಿದು ಮಾಡಿದ ನೀರಿನ ತೊಟ್ಟಿಯ ತಳದ ಕೆಸರು ಇವಕ್ಕೂ ಯಂತ್ರ ಓಡುತ್ತದೆ. ಕುಡಿಯುವ ನೀರಿನ ತೊಟ್ಟಿಗೆ ಬೇರೆಯೇ ಡ್ರಮ್ಮು, ಬೇರೆಯೇ ಕೊಳವೆ ಇಡಿ. ದಂಬೆಯಿಂದ ಬಂದ ಕಸವನ್ನು ಅದೇ ಮನೆಯ ಗೊಬ್ಬರದ ಗುಂಡಿಗೆ ಹಾಕಿ ಬನ್ನಿ. ಅರವತ್ತು ಲೀಟರಿನ ಡ್ರಮ್ಮು ತುಂಬಿದರೆ ಅರವತ್ತು ಕಿಲೋಗೂ ಮೀರುತ್ತದೆ. ಅರ್ಧವಾದಾಗಲೇ ಸುರಿಯಿರಿ, ಸೊಂಟ ಉಳಿಯುತ್ತದೆ.

ಎರಡು ಬಗೆಯ ಯಂತ್ರಗಳನ್ನೂ ಹೊರಗೆ ಅಂಗಳದಲ್ಲಿ ಇರಿಸಿದೆ. ಕೊಳವೆಯ ಬಾಯನ್ನು ನೀರಿನಲ್ಲಿ ಮುಳುಗಿಸಿ ಒಮ್ಮೆ, ಅರ್ಧ ಎತ್ತಿ ಒಮ್ಮೆ, ನೀವೇ ಹಿಡಿದು ನೋಡಬಹುದು. ಆಮೇಲೆ ಪ್ರಶ್ನೆಗಳನ್ನು ತೆಗೆದುಕೊಳ್ಳೋಣ.